ನೆಲದಡಿಯ ನಾಡು: ತಾಂಬಾದಿಂದ ಕೃಷ್ಣೆಯ ದಂಡೆಗೆ

ದೀಪದ ಎಣ್ಣೆಗೆಂದೇ 12 ನಿವರ್ತನ ಭೂಮಿ. ಪಾಠ ಹೇಳುವ ಗುರುವಿಗೆ 50 ನಿವರ್ತನ. ಬೇರೆ ಬೇರೆ ಸೀಮೆಗಳಿಂದ ಕಲಿಯಲು ಬಂದವರಿಗೆ 27 ವಸತಿಗಳು. ಊರಲ್ಲಿ ಮದುವೆ, ಮುಂಜಿ, ಜವಳ ನಡೆದರೆ ಶಾಲೆಗೆ ಕಾಣಿಕೆ ಸಲ್ಲಬೇಕು. ಯಾರಾದರೂ ಊಟ ಹಾಕಿಸಿದರೆ ಶಾಲೆಯವರಿಗೂ ಕೈಲಾದಷ್ಟು ಬಡಿಸಬೇಕು. ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬದ ಶಾಸನ ಹೇಳುವ ಲೆಕ್ಕವಿದು. ಶಕವರ್ಷ 867, ಅಂದರೆ ಕ್ರಿ.ಶ. 945. ಆಗ ಆಳುತ್ತಿದ್ದವನು ರಾಷ್ಟ್ರಕೂಟರ ಮೂರನೆಯ ಕೃಷ್ಣ. ಶಾಲೆ ಕಟ್ಟಿಸಿದವನು ಅವನ ಮಂತ್ರಿ ನಾರಾಯಣ.

ಇದೇ ತಾಲ್ಲೂಕಿನ ತಾಂಬಾದಿಂದ ಹೊರಟ ನಮ್ಮ ಪ್ರವಾಸ ಸಾಲೋಟಗಿಯಿಂದ ಶುರುವಾಯಿತು. ಜೊತೆಗಿದ್ದವಳು ನನ್ನ ಅಕ್ಕನ ಮಗಳು, ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಪೆರು ದೇಶದ ಮಾಚು ಪಿಚು ನೋಡಬೇಕೆನ್ನುವುದು ಅವಳ ಬಹುದಿನದ ಆಸೆ. ಆ ಆಸೆ ಹತ್ತಿಸಿದ್ದು ನೇಮಿಚಂದ್ರ ಅವರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಎಂಬ ಪ್ರವಾಸ ಕಥನ. ಕನ್ನಡದ ಎಷ್ಟೋ ಓದುಗರು ಆಂಡಿಸ್ ಪರ್ವತದ ಕಡೆ ಮೊದಲ ಹೆಜ್ಜೆ ಇಟ್ಟದ್ದು ಅದೇ ಪುಸ್ತಕದ ಕೈ ಹಿಡಿದು. ಆದರೆ ತನ್ನದೇ ಜಿಲ್ಲೆಯ ಹಳೆಯ ಕಟ್ಟಡಗಳಲ್ಲಿ ಈ ಹುಡುಗಿ ನೋಡಿದ್ದು ಗೋಳಗುಮ್ಮಟ ಒಂದೇ, ಅದೂ ಶಾಲೆಯ ಟ್ರಿಪ್‌ನಲ್ಲಿ. ಇಂಡಿ, ವಿಜಯಪುರ, ಸಿಂದಗಿ ರಸ್ತೆ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಎಂದು ಸುತ್ತಿ ಕೃಷ್ಣೆಯ ದಂಡೆ ಮುಟ್ಟುವುದು ನಮ್ಮ ಯೋಜನೆ.

ಸಾಲೋಟಗಿಯಲ್ಲಿ ಆ 27 ವಸತಿಗಳನ್ನು ಹುಡುಕಿಕೊಂಡು ಹೋದವರಿಗೆ ನಿರಾಸೆಯಾಗುತ್ತದೆ. ಅವು ಯಾವತ್ತೋ ಮಣ್ಣು ಸೇರಿವೆ. ಆದರೂ ಪ್ರವಾಸ ಇಲ್ಲಿಂದಲೇ ಶುರುವಾಗಬೇಕು ಎಂದು ನಾನು ಹಟ ಹಿಡಿದೆ. ಕಟ್ಟಡ ಕಟ್ಟುವುದಕ್ಕಿಂತ ಅದನ್ನು ನಡೆಸಿಕೊಂಡು ಹೋಗುವುದು ಕಷ್ಟ ಎಂಬುದನ್ನು ನಾರಾಯಣ ಬಲ್ಲವನಾಗಿದ್ದ. ರಾತ್ರಿ ಓದುವ ಹುಡುಗರಿಗೆ ಬೆಳಕು ಬೇಕು, ಬೆಳಕಿಗೆ ಎಣ್ಣೆ ಬೇಕು, ಎಣ್ಣೆಗೆ ಹೊಲದ ಉತ್ಪನ್ನ ಬೇಕು. ಅಷ್ಟನ್ನೂ ಯೋಚಿಸಿ ಕಲ್ಲಿನ ಮೇಲೆ ಕೊರೆಯಿಸಿದ. ಹಳೆಯ ಊರುಗಳನ್ನು ನೋಡುವಾಗ ನಾವು ಹುಡುಕಬೇಕಾದ್ದು ಇಂಥ ಏರ್ಪಾಡನ್ನು. ಗುಮ್ಮಟದ ಎತ್ತರ, ಗೋಡೆಯ ಅಗಲ ಎಲ್ಲ ಕಣ್ಣಿಗೆ ತಾನಾಗಿ ಬೀಳುತ್ತವೆ. ಊರಿಗೆ ನೀರು ಎಲ್ಲಿಂದ ಬರುತ್ತಿತ್ತು, ದೀಪಕ್ಕೆ ಎಣ್ಣೆ ಯಾರು ಕೊಡುತ್ತಿದ್ದರು ಎಂದು ಕೇಳಿದಾಗಲೇ ಅಲ್ಲಿ ಬಾಳಿದವರ ಬುದ್ಧಿ ತಿಳಿಯುವುದು.

ಮೋಡದ ಊರು, ಬಿಸಿಲ ಊರು

ಮಾಚು ಪಿಚುವಿನ ಚಿತ್ರ ಯಾರ ಮೊಬೈಲ್‌ನಲ್ಲಿಲ್ಲ! ಸಮುದ್ರ ಮಟ್ಟದಿಂದ 2,430 ಮೀಟರ್ ಎತ್ತರದ ಬೆನ್ನೇಣಿನ ಮೇಲೆ, 15ನೇ ಶತಮಾನದಲ್ಲಿ, ಇಂಕಾ ದೊರೆ ಪಚಕುತಿಯ ಕಾಲದಲ್ಲಿ ಎದ್ದ ಊರು. ಗಾರೆಯಿಲ್ಲದೆ, ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟಿದ ಗೋಡೆಗಳು. 1911ರಲ್ಲಿ ಅಮೆರಿಕದ ಹೈರಾಮ್ ಬಿಂಗಮ್ ಅಲ್ಲಿಗೆ ಹೋಗಿ ಬಂದ ಮೇಲೆ ಹೊರಜಗತ್ತಿನ ಕಣ್ಣು ಅದರ ಮೇಲೆ ಬಿತ್ತು. ಅಲ್ಲಿ ಬದುಕುತ್ತಿದ್ದ ರೈತರಿಗೆ ಮಾತ್ರ ಅದು ಮೊದಲೇ ಗೊತ್ತಿತ್ತು.

ಆ ಚಿತ್ರದಲ್ಲಿ ಕಾಣದ ಸಂಗತಿಯೇ ದೊಡ್ಡದು. ಬೆಟ್ಟದ ಬುಗ್ಗೆಯಿಂದ 749 ಮೀಟರ್ ಉದ್ದದ ಕಾಲುವೆಯಲ್ಲಿ ನೀರು ತಂದು, ಒಂದರ ಕೆಳಗೊಂದರಂತೆ 16 ಕಾರಂಜಿಗಳಿಗೆ ಬಿಟ್ಟಿದ್ದರು. ವರ್ಷಕ್ಕೆ ಸುಮಾರು 2,000 ಮಿ.ಮೀ. ಮಳೆ ಬೀಳುವ ಜಾಗವದು. ಬಿದ್ದ ನೀರು ನಿಂತರೆ ಇಡೀ ಊರೇ ಜಾರಿ ಕಣಿವೆಗೆ ಬೀಳುತ್ತದೆ. ಅದಕ್ಕೆಂದು ಮೆಟ್ಟಿಲು ಹೊಲಗಳ ಕೆಳಗೆ ಮರಳು, ಜಲ್ಲಿ, ಕಲ್ಲು ಚೂರುಗಳ ಪದರ ಹಾಸಿ ನೀರು ಬಸಿದು ಹೋಗುವಂತೆ ಮಾಡಿದರು. ಅಲ್ಲಿನ ಒಟ್ಟು ದುಡಿಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ನೆಲದಡಿಯಲ್ಲೇ ಇದೆ ಎಂಬುದು ಅಧ್ಯಯನ ಮಾಡಿದ ಎಂಜಿನಿಯರುಗಳ ಅಂದಾಜು.

ನಮ್ಮಲ್ಲಿ ಇದಕ್ಕೆ ತಿರುಗಾಮುರುಗಾ. ವಿಜಯಪುರದ ಸೀಮೆಯಲ್ಲಿ ವರ್ಷದ ಮಳೆ 600 ಮಿ.ಮೀ. ಆಸುಪಾಸು, ಅದೂ ಬಂದರೆ ಬಂತು. ಕಪ್ಪು ಎರೆಮಣ್ಣು, ಅದರ ಕೆಳಗೆ ಗಟ್ಟಿ ಕರಿಕಲ್ಲು. ಅಲ್ಲಿಯವರಿಗೆ ನೀರು ಕಳಿಸುವ ಚಿಂತೆ, ಇಲ್ಲಿಯವರಿಗೆ ನೀರು ತರಿಸುವ ಚಿಂತೆ. ಆದಿಲ್‌ಶಾಹಿಗಳು ಇಂಥ ನೆಲದಲ್ಲಿ ರಾಜಧಾನಿ ಬೆಳೆಸಿದರು. ಅವರ ಕೈ ಹಿಡಿದದ್ದು ಇರಾನಿನಿಂದ ಬಂದ ವಿದ್ಯೆ, ಕರೇಜ್.

ಕರೇಜ್ ಅಂದರೆ ನೆಲದೊಳಗಿನ ಸುರಂಗ. ಊರಿಗಿಂತ ಎತ್ತರದ ಜಾಗದಲ್ಲಿ ಅಂತರ್ಜಲ ಸಿಗುವವರೆಗೆ ಬಾವಿ ತೋಡಬೇಕು. ಅಲ್ಲಿಂದ ಊರಿನ ಕಡೆ ಕಂಡೂ ಕಾಣದಂಥ ಇಳಿಜಾರಿನಲ್ಲಿ ಸುರಂಗ ಕೊರೆಯಬೇಕು. ಮಣ್ಣು ಹೊರಹಾಕಲು, ಗಾಳಿ ಆಡಲು, ಮುಂದೆ ಹೂಳು ತೆಗೆಯಲು ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ಕಿಂಡಿಗಳು. ನೀರು ತನ್ನ ಭಾರಕ್ಕೆ ತಾನೇ ಹರಿದು ಬರುತ್ತದೆ, ಬಿಸಿಲಿಗೆ ಆರುವುದಿಲ್ಲ, ಶತ್ರುವಿನ ಕಣ್ಣಿಗೂ ಬೀಳುವುದಿಲ್ಲ. ತೊರವಿ ಕಡೆಯಿಂದ ಕೋಟೆಯತ್ತ ಬರುವ ಸುರಂಗ ಬಾವಡಿ ಈ ಜಾಲದ ಭಾಗ. ಜಗತ್ತಿನಲ್ಲಿ ತುರ್ತು ಗಮನ ಬೇಕಾದ ಪರಂಪರೆಯ ತಾಣಗಳ 2020ರ ಪಟ್ಟಿಗೆ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಇದನ್ನು ಸೇರಿಸಿತು. ಊರ ಜನ ಕೇಳಿ ಸಂತೋಷಪಡಬೇಕಾದ ಸುದ್ದಿ. ಎಷ್ಟೋ ಮಂದಿಗೆ ಇಂದಿಗೂ ತಲುಪಿಲ್ಲ.

ಕಿಂಡಿಯೊಂದರ ಅಂಚಿಗೆ ಕೂತು ನಮ್ಮ ಹುಡುಗಿ ಬಹಳ ಹೊತ್ತು ಒಳಗೆ ಬಗ್ಗಿ ನೋಡಿದಳು.

“ಮಾಮಾ, ಲೆವೆಲ್ ಹೆಂಗ ಹಿಡಿದಿರಬೇಕ್ರಿ? ಇಳಿಜಾರು ಒಂದೀಟು ಜಾಸ್ತಿ ಆದ್ರ ನೀರು ನೆಲಾ ಕೊರದು ಸುರಂಗ ಕುಸೀತದ. ಕಡಿಮಿ ಆದ್ರ ನೀರು ಅಲ್ಲೇ ನಿಂತು ಹೂಳು ತುಂಬತದ.”

“ಅದನ್ನ ಹೇಳೋರು ಈಗ ಯಾರೂ ಉಳದಿಲ್ಲವಾ. ನೀನೇ ಅಳದು ಹೇಳಬೇಕು.”

ನಗರದೊಳಗೆ ಬಂದ ನೀರಿಗೆ ಇನ್ನೊಂದು ಏರ್ಪಾಡು ಗಂಜ್. ದಾರಿಬದಿಗೆ ಕಲ್ಲಿನ ಚೌಕು ಗೋಪುರದಂತೆ ನಿಂತಿರುವ ಇವುಗಳನ್ನು ಹೊಸಬರು ಕಾವಲು ಗೋಪುರವೆಂದುಕೊಳ್ಳುತ್ತಾರೆ. ಕೊಳವೆಯ ನೀರು ಇದರೊಳಗೆ ಏರಿ, ಒತ್ತಡ ಇಳಿಸಿಕೊಂಡು, ಹೊತ್ತು ತಂದ ಮಣ್ಣನ್ನು ತಳಕ್ಕೆ ಬಿಟ್ಟು ಮುಂದಿನ ಓಣಿಗೆ ಹೋಗುತ್ತಿತ್ತು. ಇಲ್ಲದಿದ್ದರೆ ಮಣ್ಣಿನ ಕೊಳವೆಗಳು ಒಡೆದು ಹೋಗುತ್ತಿದ್ದವು. ಮುಹಮ್ಮದ್ ಆದಿಲ್‌ಶಾಹ 1651ರಲ್ಲಿ ಕಟ್ಟಿಸಿದ ಬೇಗಂ ತಾಲಾಬಿನ ನೀರು ಊರೊಳಗೆ ಬಂದದ್ದೂ ಇದೇ ಕ್ರಮದಲ್ಲಿ. ಗೋಳಗುಮ್ಮಟದ ಕೆಳಗೆ ಮಲಗಿರುವ ದೊರೆಯೂ ಅವನೇ. 1656ರಲ್ಲಿ ತೀರಿಕೊಂಡ.

ಗೋಳಗುಮ್ಮಟದ ಬಗ್ಗೆ ಹೊಸದಾಗಿ ಏನು ಹೇಳಲಿ? 135 ಅಡಿ ಚೌಕದ ಒಂದೇ ಕೋಣೆ, ನಡುವೆ ಒಂದೂ ಕಂಬವಿಲ್ಲ. ಒಂದನ್ನೊಂದು ಹಾಯುವ ಕಮಾನುಗಳು ಚೌಕವನ್ನು ದುಂಡಗೆ ಮಾಡಿ ಗುಮ್ಮಟದ ಭಾರ ಹೊತ್ತಿವೆ. ಮೇಲಿನ ಪಿಸುಮಾತಿನ ಗ್ಯಾಲರಿಯಲ್ಲಿ ಚೀರುವವರ ನಡುವೆ ಆ ಕಮಾನುಗಳನ್ನು ತಲೆಯೆತ್ತಿ ನೋಡುವವರು ಕಡಿಮೆ. ನನಗೆ ಮಾತ್ರ ಹೆಚ್ಚು ಪ್ರೀತಿ ತಾಜ್ ಬಾವಡಿಯ ಮೇಲೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ 1620ರಲ್ಲಿ ಕಟ್ಟಿದ್ದು. ಬದಿಗಳು ಇನ್ನೂರು ಅಡಿಗಿಂತ ಉದ್ದ. ಎದುರಿಗೆ ದೊಡ್ಡ ಕಮಾನು, ಎರಡೂ ಕಡೆ ಇಳಿಯುವ ಮೆಟ್ಟಿಲು, ಸುತ್ತ ದಾರಿಹೋಕರು ತಂಗುವ ಅಂಕಣಗಳು. ಹೂಳು ತುಂಬಿ, ಗಣಪತಿ ಬಿಡುವ ಹೊಂಡವಾಗಿದ್ದ ಇದನ್ನು ಕೆಲ ವರ್ಷಗಳ ಹಿಂದೆ ಬಳಿದು ಸ್ವಚ್ಛ ಮಾಡಿದಾಗ ತಳದಿಂದ ಮತ್ತೆ ನೀರು ಬಂತು. ಅಂದರೆ ಈ ಬಾವಡಿಗಳನ್ನು ಹಾಳು ಎಂದು ಕರೆಯುವ ಅಧಿಕಾರ ನಮಗಿಲ್ಲ. ಅವು ಕೆಲಸ ನಿಲ್ಲಿಸಿರಲಿಲ್ಲ. ನೋಡಿಕೊಳ್ಳುವುದನ್ನು ನಿಲ್ಲಿಸಿದವರು ನಾವು.

ಕುಮಟಗಿಯ ಗೋಡೆ

ವಿಜಯಪುರದಿಂದ ಸಿಂದಗಿಯ ದಾರಿ ಹಿಡಿದರೆ ಸಿಗುತ್ತದೆ ಕುಮಟಗಿ. ಕೆರೆಯ ಬದಿಗೆ ಆದಿಲ್‌ಶಾಹಿಗಳ ಬೇಸಿಗೆಯ ವಿಹಾರ ಮಂಟಪಗಳು. ಕೆರೆಯ ನೀರನ್ನು ಮೇಲೆತ್ತಿ ಗೋಪುರದ ತೊಟ್ಟಿಗೆ ತುಂಬಿ, ಅಲ್ಲಿಂದ ಕೊಳವೆಗಳಲ್ಲಿ ಮಂಟಪಕ್ಕೆ ಬಿಡುತ್ತಿದ್ದರು. ಒಂದು ಮಂಟಪವಂತೂ ಹೊಂಡದ ನಡುವೆಯೇ ನಿಂತಿದೆ. ಅದರ ಒಳಛಾವಣಿಯಲ್ಲಿ ತೂತುಗಳಿವೆ. ಮೇಲಿನಿಂದ ಜಿನುಗು ಮಳೆಯಂತೆ ನೀರು ಉದುರುತ್ತಿತ್ತು. ಏಪ್ರಿಲ್ ತಿಂಗಳ ವಿಜಾಪುರದ ಬಿಸಿಲು ಕಂಡವರಿಗೆ ಇದರ ಬೆಲೆ ಗೊತ್ತು.

ಇನ್ನೊಂದು ಮಂಟಪದ ಗೋಡೆಗಳ ಮೇಲೆ ಚಿತ್ರಗಳಿವೆ. ಹತ್ತಿರ ಹೋಗಿ, ಕಣ್ಣು ಹೊಂದಿಕೊಳ್ಳುವವರೆಗೆ ನಿಂತರೆ ಮಸಿಯ ನಡುವಿನಿಂದ ಒಂದೊಂದೇ ಗೆರೆ ಎದ್ದು ಬರುತ್ತದೆ: ಕುದುರೆ ಏರಿ ಪೋಲೊ ಆಡುವವರು, ಕುಸ್ತಿಯ ಪೈಲ್ವಾನರು, ವಾದ್ಯ ನುಡಿಸುವವರು, ಯುರೋಪಿನ ಉಡುಪಿನ ಪರದೇಶಿಗಳು. ಅವುಗಳ ಮೇಲೆಯೇ ಮೊಳೆಯಿಂದ ಗೀಚಿದ ಹೆಸರುಗಳು, ಬಾಣ ಚುಚ್ಚಿದ ಹೃದಯಗಳು. ಕುದುರೆ ಸವಾರನೊಬ್ಬನ ಮುಖವೇ ಕೆತ್ತಿ ಹೋಗಿದೆ. ಅದನ್ನು ನೋಡಿ ಹೊಟ್ಟೆ ಉರಿಯಿತು. ಮುರಿದ ಕಲ್ಲನ್ನು ಮತ್ತೆ ಕೂಡಿಸಬಹುದು, ಉದುರಿದ ಬಣ್ಣ ಹೋದರೆ ಹೋದಂತೆಯೇ. ಉಳಿದಿರುವ ಅಷ್ಟೂ ಚಿತ್ರಗಳ ಸ್ಪಷ್ಟ ಛಾಯಾಚಿತ್ರ ತೆಗೆಸಿ, ಈ ಸೀಮೆಯ ಪ್ರತಿ ಪ್ರೌಢಶಾಲೆಗೆ ಕಳಿಸಬೇಕು ಎನ್ನುವುದು ನನ್ನ ಬೇಡಿಕೆ. ತಮ್ಮದು ಎಂದು ಗೊತ್ತಾದ ಮಕ್ಕಳು ಗೋಡೆ ಗೀಚುವುದಿಲ್ಲ.

ಅಲ್ಲೇ ಮರದ ನೆರಳಿಗೆ ಬುತ್ತಿ ಬಿಚ್ಚಿದೆವು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ. ಆಂಡಿಸ್‌ಗೆ ನಾವು ಹೋಗದಿದ್ದರೂ ಆಂಡಿಸ್ ನಮ್ಮಲ್ಲಿಗೆ ಬಂದು ಯಾವ ಕಾಲವಾಯಿತು! ಶೇಂಗಾ ಮೊದಲು ಬೆಳೆಗೆ ಪಳಗಿದ್ದು ಆ ಪರ್ವತದ ಪೂರ್ವದ ತಪ್ಪಲಿನಲ್ಲಿ, ಇಂದಿನ ಬೊಲಿವಿಯಾ ಮತ್ತು ಅರ್ಜೆಂಟೀನಾದ ಗಡಿ ಸೀಮೆಯಲ್ಲಿ. ಬಟಾಟೆಯ ತವರು ಆ ಬೆಟ್ಟಗಳೇ. ಮೆಣಸಿನಕಾಯಿಯೂ ಅಮೆರಿಕ ಖಂಡದ್ದು. ಪೋರ್ಚುಗೀಸರ ಹಡಗು ಗೋವಾಕ್ಕೆ ಬರುವ ಮೊದಲು ನಮ್ಮ ಅಡುಗೆಗೆ ಖಾರ ಕೊಡುತ್ತಿದ್ದದ್ದು ಕರಿಮೆಣಸು. ರೊಟ್ಟಿ ಮಾತ್ರ ಅಂದೂ ಇಂದೂ ನಮ್ಮ ಬಿಳಿಜೋಳದ್ದು.

ಹೊಳೆಯ ದಂಡೆ

ಬಸವನ ಬಾಗೇವಾಡಿಯಲ್ಲಿ ಹಾಳು ಅನ್ನುವ ಮಾತೇ ಬರುವುದಿಲ್ಲ. ಬಸವಣ್ಣ ಹುಟ್ಟಿದ ಊರು. ಹಳೆಯ ಗುಡಿಯಲ್ಲಿ ದಿನವೂ ಜನ, ಶ್ರಾವಣದಲ್ಲಂತೂ ಕಾಲಿಡಲು ಜಾಗವಿಲ್ಲ. ಒಂಬೈನೂರು ವರ್ಷಗಳ ಹಿಂದಿನ ಮನುಷ್ಯನೊಬ್ಬನನ್ನು ಅಪ್ಪ, ಅಣ್ಣ ಎಂದು ಕರೆಯುತ್ತ ಮನೆಯವನಂತೆ ಇಟ್ಟುಕೊಂಡ ಊರಿನಲ್ಲಿ ಕಲ್ಲಿನ ವಯಸ್ಸು ಕೇಳುತ್ತ ನಿಲ್ಲುವುದು ಸರಿಯೆನಿಸಲಿಲ್ಲ. ಕೈಮುಗಿದು ಮುಂದೆ ಹೋದೆವು.

ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ ಕೃಷ್ಣೆಯ ದಂಡೆಯಲ್ಲಿದೆ. 1565ರ ಜನವರಿ 23ರ ಕಾಳಗಕ್ಕೆ ರಕ್ಕಸಗಿ–ತಂಗಡಗಿ ಎಂದೂ ತಾಳಿಕೋಟೆಯೆಂದೂ ಹೆಸರು. ವಿಜಯನಗರದ ಅಳಿಯ ರಾಮರಾಯ ಇಳಿವಯಸ್ಸಿನಲ್ಲಿ ರಣರಂಗಕ್ಕೆ ಬಂದು ತಲೆ ಕೊಟ್ಟ. ಹಂಪಿ ಬರಿದಾಯಿತು, ವಿಜಾಪುರ ಬೆಳೆಯಿತು. ನಾವು ನೋಡಿ ಬಂದ ಕೋಟೆ, ಸುರಂಗ, ಬಾವಡಿಗಳ ವೈಭವದ ಹಿಂದೆ ಈ ದಂಡೆಯ ಆ ಒಂದು ದಿನವೂ ಇದೆ. ಇದಕ್ಕೆ 32 ವರ್ಷ ಮೊದಲು, 1533ರಲ್ಲಿ, ಸ್ಪೇನಿನ ಪಿಸಾರೊ ಇಂಕಾಗಳ ರಾಜಧಾನಿ ಕುಸ್ಕೊ ನಗರವನ್ನು ಹೊಕ್ಕಿದ್ದ. ಅಳಿದುಳಿದ ಇಂಕಾಗಳು ಕಾಡು ಸೇರಿ ಹೋರಾಡಿದರು. ಅವರ ಕೊನೆಯ ದೊರೆ ತುಪಾಕ್ ಅಮಾರುವನ್ನು ಕೊಂದದ್ದು 1572ರಲ್ಲಿ. ಒಂದೇ ತಲೆಮಾರಿನ ಜನ ಭೂಮಿಯ ಎರಡು ಕಡೆ ತಮ್ಮ ರಾಜಧಾನಿ ಲೂಟಿಯಾಗುವುದನ್ನು ನೋಡಿದರು. ಇತ್ತ ಪಿರಂಗಿ, ಅತ್ತ ಪಿರಂಗಿಯ ಜೊತೆಗೆ ಹಡಗಿನಲ್ಲಿ ಬಂದ ಸಿಡುಬು.

ಆದರೆ ತಂಗಡಗಿಗೆ ಬರುವ ಭಕ್ತರು ಯುದ್ಧ ನೆನೆದು ಬರುವುದಿಲ್ಲ. ಕಲ್ಯಾಣದಿಂದ ಸಂಗಮದ ಕಡೆ ಹೊರಟ ಬಸವಣ್ಣನ ಮಡದಿ ನೀಲಾಂಬಿಕೆ ಐಕ್ಯವಾದ ಜಾಗವಿದು. ತೆಂಗಿನಕಾಯಿ ಹಿಡಿದು ಬಂದ ಹೆಣ್ಣುಮಕ್ಕಳು ಅವಳನ್ನು ‘ನೀಲಮ್ಮತಾಯಿ’ ಎನ್ನುತ್ತಾರೆ. ಅವರ ಬಾಯಲ್ಲಿ ರಾಮರಾಯನ ಸುದ್ದಿಯಿಲ್ಲ, ಸುಲ್ತಾನರ ಸುದ್ದಿಯೂ ಇಲ್ಲ.

ಮುಂದೆ ಕೂಡಲಸಂಗಮ. ನಾರಾಯಣಪುರ ಜಲಾಶಯದ ಹಿನ್ನೀರು ಇಲ್ಲಿಯವರೆಗೆ ನಿಲ್ಲುತ್ತದೆ. ಬಸವಣ್ಣನ ಐಕ್ಯ ಮಂಟಪ ಮುಳುಗಬಾರದೆಂದು ಅದರ ಸುತ್ತ ಆಳವಾದ ಬಾವಿಯಂತೆ ಕಾಂಕ್ರೀಟ್ ಗೋಡೆ ಎಬ್ಬಿಸಿದ್ದಾರೆ. ಮೆಟ್ಟಿಲಿಳಿದು ಕೆಳಗೆ ಹೋದರೆ ಮಂಟಪ ಒಣಗಿದೆ, ಗೋಡೆಯ ಆಚೆ ತಲೆಯ ಮಟ್ಟಕ್ಕಿಂತ ಎತ್ತರಕ್ಕೆ ನೀರು. ಮಾಚು ಪಿಚುವಿನಲ್ಲಿ ನೀರನ್ನು ಬಸಿದರು, ವಿಜಾಪುರದಲ್ಲಿ ಬರಮಾಡಿಕೊಂಡರು, ಇಲ್ಲಿ ತಡೆದು ನಿಲ್ಲಿಸಿದ್ದಾರೆ. ಈ ಹೋಲಿಕೆ ಹೊಳೆದದ್ದು ನನಗಲ್ಲ, ಅವಳಿಗೆ.

ಊರಿಗೆ ಮರಳುವಾಗ ಸೊಲ್ಲಾಪುರ ರಸ್ತೆಯ ತಿಡಗುಂದಿಗೆ ಹೋಗೋಣವೆಂದಳು. ಕೃಷ್ಣೆಯ ನೀರನ್ನು ಇಂಡಿ ಕಡೆಯ ಒಣಭೂಮಿಗೆ ಒಯ್ಯಲು ಕಟ್ಟಿದ, 14 ಕಿಲೋಮೀಟರಿಗೂ ಉದ್ದದ ಮೇಲ್ಗಾಲುವೆ ಅಲ್ಲಿದೆ. ಕಂಬಗಳ ಸಾಲು ಹೊಲಗಳ ಮೇಲೆ ಹಾಯ್ದು ಹೋಗುತ್ತದೆ. ಈ ಜಿಲ್ಲೆಯವರು ಅಜ್ಜನ ಕಾಲದಿಂದ ಕಾದ ನೀರು ಅದು. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟದ್ದು 1964ರಲ್ಲಿ. ಅದಕ್ಕಾಗಿ ಮನೆ, ಹೊಲ, ಗುಡಿ ಬಿಟ್ಟು ಎದ್ದು ಹೋದ ಊರುಗಳ ಋಣ ಈ ಕಾಲುವೆಯ ಮೇಲಿದೆ. ಕಂಬದ ಬುಡದಲ್ಲಿ ನಿಂತು ಅವಳು ಕೇಳಿದ್ದು ಸುರಂಗದ ಕಿಂಡಿಯ ಬಳಿ ಕೇಳಿದ ಪ್ರಶ್ನೆಯನ್ನೇ, ಇಳಿಜಾರು ಎಷ್ಟು ಇಟ್ಟಿದ್ದಾರೆ ಎಂದು. ಇದಕ್ಕಾದರೆ ಕಾಗದದಲ್ಲಿ ಉತ್ತರ ಸಿಗುತ್ತದೆ. ಕರೇಜ್‌ಗೆ ಸಿಗಬೇಕಾದರೆ ಇಳಿದು ಅಳೆಯಬೇಕು. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಅದನ್ನೇ ಆರಿಸಿಕೊಂಡಿದ್ದಾಳೆ. ಮೂವರು ಗೆಳತಿಯರೂ ಸೇರಿದ್ದಾರೆ. ಪೆರುವಿಗೆ ಹೋಗಲು ದುಡ್ಡು ಕೂಡಿಸುವುದನ್ನೂ ಬಿಟ್ಟಿಲ್ಲ.