‘ಈಗಾಗಲೇ ನೋಂದಣಿಯಾಗಿದೆ’ ಅಂದರೆ ಏನರ್ಥ?



ಅರ್ಜಿ ತುಂಬಿಸೋಕೆ ಹೋದಾಗ ‘ನಿಮ್ಮದು ಆಗಲೇ ಇದೆಯಲ್ಲಮ್ಮಾ’ ಅಂತ ವಾಪಸ್ ಕಳಿಸುತ್ತಾರೆ. ನಾವೇನೋ ಮೋಸ ಮಾಡಿದ ಹಾಗೆ ತಲೆ ತಗ್ಗಿಸಿ ಬರುತ್ತೇವೆ. ಬೇಡ. ಕಂಪ್ಯೂಟರ್ ಏನು ನೋಡಿ ಹಾಗೆ ಹೇಳುತ್ತದೆ ಎಂದು ತಿಳಿಯೋಣ.

ಪಾಲಹಳ್ಳಿಯಂಥ ಊರಲ್ಲಿ ‘ಲಕ್ಷ್ಮಮ್ಮಾ’ ಎಂದು ಕೂಗಿದರೆ ನಾಲ್ಕು ಮನೆಯಿಂದ ‘ಓ’ ಅಂತಾರೆ. ಮೇಲಾಗಿ ಇಂಗ್ಲಿಷಿನಲ್ಲಿ ಬರೆಯುವಾಗ ‘ಕ್ಷ’ಕ್ಕೆ ಒಬ್ಬರು ಕೆ-ಎಸ್-ಎಚ್ ಹಾಕಿದರೆ ಇನ್ನೊಬ್ಬರು ಎಕ್ಸ್ ಹಾಕುತ್ತಾರೆ. ಆಗ ಒಬ್ಬ ಲಕ್ಷ್ಮಮ್ಮನೇ ಇಬ್ಬರಾಗುತ್ತಾಳೆ. ಅದಕ್ಕೇ ಹೆಸರನ್ನು ನಂಬದೆ, ಇನ್ನೊಬ್ಬರಿಗೆ ಇರಲಾರದ ಒಂದು ನಂಬರನ್ನು ಹಿಡಿದು ಹುಡುಕುತ್ತಾರೆ.

ಗೃಹಲಕ್ಷ್ಮಿಯನ್ನೇ ನೋಡಿ. 2023ರ ಜುಲೈ 19ರಂದು ಇದರ ನೋಂದಣಿ ಶುರುವಾಯಿತು. ಒಂದು ರೇಷನ್ ಕಾರ್ಡಿಗೆ ಒಬ್ಬಳೇ ಯಜಮಾನಿ, ತಿಂಗಳಿಗೆ 2,000 ರೂಪಾಯಿ. ಇಂಥ ಕಡೆ ಒಂದೇ ಕಾರ್ಡ್ ನಂಬರು ಎರಡು ಸಲ ಒಳಗೆ ಹೋಗಬಾರದು. ತಪಾಸಣೆಯನ್ನು ಅರ್ಜಿ ತುಂಬುವ ಪರದೆಯ ಮೇಲೆ ಮಾತ್ರ ಇಟ್ಟರೆ ಸಾಲದು. ಅತ್ತೆ ಒಂದು ಕೇಂದ್ರದಲ್ಲಿ, ಸೊಸೆ ಇನ್ನೊಂದರಲ್ಲಿ ಒಂದೇ ಗಳಿಗೆಯಲ್ಲಿ ಒತ್ತಿದರೆ ಎರಡೂ ಕಡೆ ‘ಇಲ್ಲ’ ಅಂತಲೇ ಕಾಣುತ್ತದೆ. ಆದ್ದರಿಂದ ಎಲ್ಲರ ಮಾಹಿತಿ ಸೇರುವ ದೊಡ್ಡ ಪಟ್ಟಿಯಲ್ಲೇ ‘ಈ ನಂಬರು ಒಂದೇ ಸಲ’ ಎಂಬ ಕಟ್ಟುಪಾಡು ಹಾಕಿರಬೇಕು. ಆಗ ಮೊದಲು ಬಂದದ್ದು ಉಳಿಯುತ್ತದೆ, ಎರಡನೆಯದು ಹೊರಗೆ ನಿಲ್ಲುತ್ತದೆ.

ಯಾವ ನಂಬರನ್ನು ಹಿಡಿಯಬೇಕು ಎಂಬುದರಲ್ಲೇ ಎಡವಟ್ಟಾಗುವುದು. ಕೆಲವು ಅರ್ಜಿಗಳು ‘ಒಂದು ಮೊಬೈಲ್ ನಂಬರಿಗೆ ಒಬ್ಬರೇ’ ಅನ್ನುತ್ತವೆ. ನಮ್ಮ ಮನೆಗಳಲ್ಲಿ ಅತ್ತೆ, ಸೊಸೆ, ಓರಗಿತ್ತಿ ಎಲ್ಲರಿಗೂ ಸೇರಿ ಒಂದೇ ಫೋನು! ಬೇರೆ ಬೇರೆ ಹೆಂಗಸರನ್ನು ಒಬ್ಬಳೆಂದು ತಳ್ಳುವ ಇಂಥ ತಪಾಸಣೆ ನಮ್ಮ ಅಭಿಪ್ರಾಯದಲ್ಲಿ ತಪ್ಪೇ ಸರಿ.

ಆಧಾರ್ ಬೇರೆ ಥರ. ಅದರ 12 ಅಂಕಿಗಳಲ್ಲಿ ಕೊನೆಯದು ಮೊದಲ 11ರಿಂದ ಲೆಕ್ಕ ಹಾಕಿ ಬಂದದ್ದು. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅದಲುಬದಲಾದರೂ ಲೆಕ್ಕ ತಾಳೆಯಾಗದು. ಹಾಗಾಗಿ ಆಧಾರ್ ಹಾಕಿದಾಗ ‘ಆಗಲೇ ಇದೆ’ ಎಂದು ಬಂದರೆ ಅದು ಬೆರಳು ಜಾರಿದ ತಪ್ಪಾಗಿರುವುದು ಅಪರೂಪ. ಯಾರೋ ನಿಮ್ಮ ನಂಬರನ್ನು ನಿಜವಾಗಿಯೂ ಹಾಕಿದ್ದಾರೆ. ನೀವೇ ಹಿಂದೆ ಕೊಟ್ಟು ಮರೆತಿರಬಹುದು, ಮನೆಯವರು ಕೊಟ್ಟಿರಬಹುದು. ಸಾಲದ ಅರ್ಜಿಯಾದರೆ, ನಿಮಗೆ ತಿಳಿಯದೆ ನಿಮ್ಮ ಹೆಸರಲ್ಲಿ ಸಾಲವೇ ಎದ್ದಿರಬಹುದು.

ಸುಮ್ಮನೆ ಎದ್ದು ಬರಬೇಡಿ. ಹಳೆಯ ಅರ್ಜಿ ಯಾವ ತಾರೀಖಿನದು, ಎಲ್ಲಿಂದ ಹೋಗಿದೆ, ಯಾವ ಬ್ಯಾಂಕ್ ಖಾತೆ ಸೇರಿಸಿದ್ದಾರೆ ಎಂದು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಒಬ್ಬರೇ ಹೋಗಲು ಅಳುಕಾದರೆ ಸಂಘದ ಪ್ರತಿನಿಧಿಯನ್ನು ಜೊತೆಗೆ ಕರೆದುಕೊಂಡು ಹೋಗಿ.