ಶಾನುಭೋಗನಿಲ್ಲದ ಲೆಕ್ಕ

ಹಿಂದೆ ಊರಿನ ಲೆಕ್ಕವನ್ನು ಶಾನುಭೋಗರು ಬರೆಯುತ್ತಿದ್ದುದನ್ನು ವಾಚಕರು ಬಲ್ಲರು. 2009ನೆಯ ಇಸವಿಯ ಜನವರಿಯಲ್ಲಿ ಆರಂಭವಾದ ಬಿಟ್‌ಕಾಯಿನ್ ಎಂಬ ಲೆಕ್ಕಕ್ಕಾದರೋ ಅಂಥ ಕರಣಿಕನೊಬ್ಬನೂ ಇಲ್ಲ. ಅದರ ಪ್ರತಿಗಳು ಲೋಕದ ಸಹಸ್ರಾರು ಗಣಕಯಂತ್ರಗಳಲ್ಲಿರುವುವು. ಹೊಸ ವ್ಯವಹಾರಗಳನ್ನು ‘ಬ್ಲಾಕ್’ ಎಂಬ ಪುಟದಲ್ಲಿ ಕೂಡಿಸಿ, ಹಿಂದಿನ ಪುಟದ ಗಣಿತಮುದ್ರೆಯನ್ನೂ ಅದರಲ್ಲಿ ಸೇರಿಸಿ, ನಿಯಮಕ್ಕೊಪ್ಪುವ ಹೊಸ ಮುದ್ರೆ ದೊರೆಯುವವರೆಗೆ ಪುಟ ರಚಿಸುವವರು ಸಂಖ್ಯೆಯೊಂದನ್ನು ಬದಲಿಸುತ್ತ ಹೋಗುವರು. ಮೊದಲು ಪಡೆದವನಿಗೆ ಬಹುಮಾನವುಂಟು. ಈ ಶೋಧನೆಗೆ ಸರಾಸರಿ 10 ನಿಮಿಷ. ಉಳಿದವರು ಅದನ್ನು ಪರೀಕ್ಷಿಸುವುದಕ್ಕೆ ಕ್ಷಣಮಾತ್ರ. ಸಹಿ ಸುಳ್ಳಾಗಿದ್ದರೆ, ಒಂದೇ ಹಣವನ್ನು ಎರಡು ಸಲ ವೆಚ್ಚಮಾಡಿದ್ದರೆ, ಆ ಪುಟವೇ ತಿರಸ್ಕೃತವಾಗುವುದು. ಹಳೆಯ ಅಂಕೆಯೊಂದನ್ನು ತಿದ್ದಿದರೂ ಮುಂದಿನ ಮುದ್ರೆಗಳೆಲ್ಲ ಕೆಡುವುವು.

ಆದರೆ ವಂಚಕನಿಗೆ ನಾವೇ ಸಹಿಮಾಡಿ ಕೊಟ್ಟ ಹಣವೂ ಈ ಪುಸ್ತಕದಲ್ಲಿ ಅಳಿಸಲಾರದಂತೆ ಬರೆಯಲ್ಪಡುವುದು. ಲೆಕ್ಕವನ್ನು ಯಂತ್ರವು ಪರೀಕ್ಷಿಸೀತು. ಮನುಷ್ಯನನ್ನು ನಾವೇ ಪರೀಕ್ಷಿಸಬೇಕು.