ಹಳೆಯ ಸಣ್ಣ ಲ್ಯಾಪ್‌ಟಾಪ್‌ಗೆ ಲಿನಕ್ಸ್: ಅಡ್ಡಿ ಬಂದರೆ ಏನು ಮಾಡಬೇಕು?



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ನಮ್ಮ ಮಕ್ಕಳಿಗೆ 32 ಜಿಬಿಯ ಹಳೆಯ ಲ್ಯಾಪ್‌ಟಾಪ್ ಸಿಕ್ಕರೂ ಓದಿಗೆ ಆಸರೆಯೇ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಕನಿಷ್ಠ 64 ಜಿಬಿ ಜಾಗ ಬೇಕು. ಹಾಗೆಂದು ಅದನ್ನು ಗುಜರಿಗೆ ಹಾಕಬೇಡಿ. ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ 2 ಜಿಬಿ ರ್‍ಯಾಮ್, 20 ಜಿಬಿ ಜಾಗದಲ್ಲೂ ನಡೆಯುತ್ತದೆ. 4 ಜಿಬಿ ರ್‍ಯಾಮ್ ಇದ್ದರೆ ಅನುಕೂಲ.

ಮೊದಲು ಅಂಕಪಟ್ಟಿ, ಆದಾಯ ಪ್ರಮಾಣಪತ್ರಗಳನ್ನು ಬೇರೆ ಪೆನ್‌ಡ್ರೈವ್‌ನಲ್ಲಿ ಉಳಿಸಿಕೊಳ್ಳಿ. ಇಡೀ ಡಿಸ್ಕ್ ಅಳಿಸಿ ಲಿನಕ್ಸ್ ಹಾಕಿದರೆ ಹಳೆಯದೆಲ್ಲ ಹೋಗುತ್ತದೆ.

ಪೆನ್‌ಡ್ರೈವ್‌ನಿಂದ ಶುರುವಾಗುತ್ತಿಲ್ಲವೇ? ಇಳಿಸಿಕೊಂಡ ಕಡತವನ್ನು ಬರೀ ಕಾಪಿ ಮಾಡಿದರೆ ಸಾಲದು. ಎಚರ್‌ನಂಥ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಬರೆಯಬೇಕು. ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಎಫ್12, ಎಫ್9 ಅಥವಾ ಎಸ್ಕೇಪ್ ಒತ್ತಿ (ಕಂಪನಿಗೊಂದು ಕೀಲಿ), ಪೆನ್‌ಡ್ರೈವ್ ಆರಿಸಿ. ಆಗಲೂ ಆಗದಿದ್ದರೆ ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿ ನೋಡಿ.

ಡಿಸ್ಕ್ ಮುಟ್ಟುವ ಮೊದಲು ಪೆನ್‌ಡ್ರೈವ್‌ನಿಂದಲೇ ನಡೆಸಿ ವೈಫೈ, ಧ್ವನಿ, ಕೀಬೋರ್ಡ್ ಪರೀಕ್ಷಿಸಿ. ವೈಫೈ ಕಾಣದಿದ್ದರೆ ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ, ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇಂಟರ್ನೆಟ್ ಬಂದ ಮೇಲೆ ಡ್ರೈವರ್ ಮ್ಯಾನೇಜರ್‌ನಲ್ಲಿ ಬೇಕಾದ ಡ್ರೈವರ್ ಇದೆಯೇ ಹುಡುಕಿ.

ದಾನಿಗಳಲ್ಲಿ ಒಂದು ವಿನಂತಿ: ಲ್ಯಾಪ್‌ಟಾಪ್ ಕೊಡುವಾಗ ಬಯೋಸ್ ಪಾಸ್‌ವರ್ಡ್ ತೆಗೆದು, ಚಾರ್ಜರ್ ಸಹಿತ ಕೊಡಿ. ಆ ಪಾಸ್‌ವರ್ಡ್ ಉಳಿದರೆ ಮಗುವಿನ ಕೆಲಸ ಮೊದಲ ಹೆಜ್ಜೆಯಲ್ಲೇ ನಿಲ್ಲಬಹುದು.